ಫೋನಿನಲ್ಲಿ ದುಡ್ಡು ಕಳಿಸೋಕೆ ಯಾವ ದಾರಿ? ಯುಪಿಐ, ನೆಫ್ಟ್, ವ್ಯಾಲೆಟ್, ನಗದು

ದುಡ್ಡು ಕಳಿಸುವ ಮಾತು ಬಂದರೆ ಎಲ್ಲರೂ ಮೊದಲು ಕೇಳುವುದು ಆ್ಯಪ್ ಬಗ್ಗೆ. ಫೋನ್‌ಪೇ ಒಳ್ಳೆಯದಾ, ಗೂಗಲ್ ಪೇ ಒಳ್ಳೆಯದಾ, ಭೀಮ್ ಸಾಕಾ? ಇದಕ್ಕೆ ಅಷ್ಟೊಂದು ತಲೆ ಕೆಡಿಸಿಕೊಳ್ಳಬೇಕಿಲ್ಲ. ಮೂರರಲ್ಲೂ ದುಡ್ಡು ಹೋಗುವುದು ಯುಪಿಐ ಮೂಲಕವೇ. ನಿಮ್ಮ ಬ್ಯಾಂಕ್ ಖಾತೆಯಿಂದ ಹೊರಟು ಎದುರಿನವರ ಬ್ಯಾಂಕ್ ಖಾತೆಗೆ ಸೇರುತ್ತದೆ. ನಿಮ್ಮ ಮಾತನ್ನು ಬ್ಯಾಂಕಿಗೆ ಮುಟ್ಟಿಸುವುದಷ್ಟೇ ಆ್ಯಪ್‌ನ ಕೆಲಸ. ಯಾವುದು ನಿಮ್ಮ ಫೋನಿನಲ್ಲಿ ಬೇಗ ತೆರೆಯುತ್ತದೋ ಅದನ್ನು ಇಟ್ಟುಕೊಳ್ಳಿ, ಸಾಕು.

ನಿಜವಾದ ವ್ಯತ್ಯಾಸ ಇರುವುದು ದಾರಿಗಳ ನಡುವೆ. ಯುಪಿಐ, ಬ್ಯಾಂಕಿನಿಂದ ಬ್ಯಾಂಕಿಗೆ ಕಳಿಸುವ ಐಎಂಪಿಎಸ್, ನೆಫ್ಟ್, ಆರ್‌ಟಿಜಿಎಸ್, ಆಮೇಲೆ ವ್ಯಾಲೆಟ್, ಆಧಾರ್ ಬೆರಳಚ್ಚು, ಕೊನೆಗೆ ನಗದು. ಎಲ್ಲ ಸರಿಯಾಗಿ ನಡೆದ ದಿನ ಯಾವುದನ್ನು ಆರಿಸಿದರೂ ಅಷ್ಟೇ, ದುಡ್ಡು ತಲುಪುತ್ತದೆ. ನಡುವೆ ಸಿಕ್ಕಿಹಾಕಿಕೊಂಡಾಗ, ತಪ್ಪು ಖಾತೆಗೆ ಹೋದಾಗ, ಯಾರೋ ಮೋಸ ಮಾಡಿದಾಗ ಒಂದಕ್ಕೂ ಇನ್ನೊಂದಕ್ಕೂ ಎಷ್ಟು ಅಂತರ ಅಂತ ಗೊತ್ತಾಗುತ್ತದೆ. ಹಾಗಾಗಿ ಇಲ್ಲಿ ವೇಗ, ಕ್ಯಾಶ್‌ಬ್ಯಾಕ್ ಎಲ್ಲ ಆಮೇಲೆ. ಕೆಟ್ಟರೆ ಏನಾಗುತ್ತದೆ ಅನ್ನುವ ಕಡೆಯಿಂದ ನೋಡೋಣ.

ದಿನದ ಖರ್ಚಿಗೆ ಯುಪಿಐ

ಯುಪಿಐಯನ್ನು ದೇಶದ ಪಾವತಿ ಜಾಲಗಳನ್ನು ನಡೆಸುವ ಎನ್‌ಪಿಸಿಐ 2016ರ ಏಪ್ರಿಲ್‌ನಲ್ಲಿ ಶುರುಮಾಡಿತು. ಅದೇ ವರ್ಷ ನವೆಂಬರ್ 8ರ ರಾತ್ರಿ 500, 1000 ರೂಪಾಯಿಯ ನೋಟು ರದ್ದಾದವು. ಎಟಿಎಂ ಮುಂದೆ ಸಾಲು ನಿಂತಾಗ ಜನರ ಕಣ್ಣು ಇದರ ಕಡೆ ತಿರುಗಿತು. 2025ರ ಆಗಸ್ಟ್ ಒಂದೇ ತಿಂಗಳಲ್ಲಿ ಯುಪಿಐ ವಹಿವಾಟಿನ ಸಂಖ್ಯೆ 2,000 ಕೋಟಿ ದಾಟಿದೆ. ಹತ್ತು ರೂಪಾಯಿಗೂ ಸ್ಕ್ಯಾನ್ ಮಾಡುತ್ತೇವೆ, ಚಿಲ್ಲರೆ ಜಗಳ ಇಲ್ಲ, ಕಳಿಸುವವರಿಗೆ ಖರ್ಚಿಲ್ಲ. ದಿನದ ಖರ್ಚಿಗೆ ಇದಕ್ಕಿಂತ ಒಳ್ಳೆಯದು ಸದ್ಯಕ್ಕೆ ಯಾವುದೂ ಇಲ್ಲ.

ಮಿತಿಗಳು ಮಾತ್ರ ಗೊತ್ತಿರಲಿ. ಒಬ್ಬರಿಂದ ಇನ್ನೊಬ್ಬರಿಗೆ ಕಳಿಸಲು ದಿನಕ್ಕೆ 1 ಲಕ್ಷ ರೂಪಾಯಿ. ಆಸ್ಪತ್ರೆ, ಕಾಲೇಜು ಶುಲ್ಕ, ತೆರಿಗೆಯಂಥವಕ್ಕೆ ಒಂದು ಸಲಕ್ಕೆ 5 ಲಕ್ಷದವರೆಗೂ ಬಿಡುತ್ತಾರೆ. ನಿಮ್ಮ ಬ್ಯಾಂಕ್ ಇದಕ್ಕಿಂತ ಕಡಿಮೆ ಇಟ್ಟಿರಬಹುದು, ಅದಕ್ಕೆ ಆ ಸ್ವಾತಂತ್ರ್ಯ ಇದೆ. ಹೊಸ ಫೋನಿನಲ್ಲಿ ಆ್ಯಪ್ ಹಾಕಿಕೊಂಡ ಮೊದಲ 24 ಗಂಟೆ 5,000ಕ್ಕಿಂತ ಜಾಸ್ತಿ ಹೋಗುವುದಿಲ್ಲ. ಊರಿಗೆ ಹೊರಡುವ ದಿನವೇ ಫೋನ್ ಬದಲಾಯಿಸಿದವರಿಗೆ ಇದು ನೆನಪಾಗುವುದು ಹೋಟೆಲ್ ಬಿಲ್ ಕೊಡುವ ಹೊತ್ತಿಗೆ!

ಇನ್ನು ಕೆಟ್ಟಾಗ ಏನಾಗುತ್ತದೆ ಅನ್ನುವ ವಿಷಯ. ಅಂಗಡಿಯಲ್ಲಿ ನಿಂತಿದ್ದೀರಿ. 640 ರೂಪಾಯಿ ಹಾಕಿ ಪಿನ್ ಒತ್ತಿದಿರಿ. ಪರದೆಯ ಮೇಲೆ ಚಕ್ರ ಸುತ್ತುತ್ತಾ ‘ಪ್ರೊಸೆಸಿಂಗ್’ ಅಂತ ನಿಂತುಬಿಟ್ಟಿತು. ಬ್ಯಾಂಕಿನಿಂದ ದುಡ್ಡು ಕಟ್ ಆಗಿದೆ ಅಂತ ಮೆಸೇಜೂ ಬಂತು. ಅಂಗಡಿಯ ಸೌಂಡ್ ಬಾಕ್ಸ್ ಮಾತ್ರ ಸುಮ್ಮನಿದೆ. ‘ಬಂದಿಲ್ಲ ಸಾರ್’ ಅನ್ನುತ್ತಾರೆ ಅಂಗಡಿಯವರು. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ನಿಮ್ಮ ಬ್ಯಾಂಕ್ ಕಳೆದಿದೆ, ಅವರ ಬ್ಯಾಂಕ್ ಇನ್ನೂ ಕೂಡಿಸಿಲ್ಲ.

ಇಂಥ ದುಡ್ಡು ಎಲ್ಲೂ ಹೋಗುವುದಿಲ್ಲ. ರಿಸರ್ವ್ ಬ್ಯಾಂಕ್ 2019ರಲ್ಲೇ ಇದಕ್ಕೆ ಗಡುವು ಹಾಕಿದೆ. ಒಬ್ಬರಿಂದ ಇನ್ನೊಬ್ಬರಿಗೆ ಕಳಿಸಿದ್ದಾದರೆ ಮರುದಿನದೊಳಗೆ ತಾನಾಗಿಯೇ ವಾಪಸ್ ಬರಬೇಕು. ಅಂಗಡಿಗೆ ಕೊಟ್ಟದ್ದಾದರೆ 5 ದಿನದೊಳಗೆ. ಅದಕ್ಕಿಂತ ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು, ಅದೂ ಗ್ರಾಹಕ ಕೇಳದೆಯೇ. ಎಷ್ಟೋ ಜನಕ್ಕೆ ಈ 100 ರೂಪಾಯಿಯ ವಿಷಯವೇ ಗೊತ್ತಿಲ್ಲ. ನಿಮ್ಮ ಹತ್ತಿರ ಇರಬೇಕಾದ್ದು ಆ ವಹಿವಾಟಿನ ಗುರುತಾದ 12 ಅಂಕಿಯ ಯುಟಿಆರ್ ನಂಬರ್. ಆ್ಯಪ್‌ನಲ್ಲಿ ಆ ವಹಿವಾಟನ್ನು ಒತ್ತಿದರೆ ಕೆಳಗೆ ಕಾಣುತ್ತದೆ. ಬ್ಯಾಂಕಿನಲ್ಲಿ ಸ್ಕ್ರೀನ್‌ಶಾಟ್ ತೋರಿಸಿ ಕಥೆ ಹೇಳುವುದಕ್ಕಿಂತ ಈ ನಂಬರ್ ಬರೆದುಕೊಟ್ಟರೆ ಕೆಲಸ ಬೇಗ.

ತಪ್ಪು ಮನುಷ್ಯನಿಗೆ ಹೋದರೆ ಮಾತ್ರ ಕಷ್ಟ. ಅಲ್ಲಿ ವಹಿವಾಟು ವಿಫಲವಾಗಿಲ್ಲ, ಸಫಲವಾಗಿದೆ. ಆ ಮನುಷ್ಯ ಒಪ್ಪದೆ ಬ್ಯಾಂಕ್ ಅವನ ಖಾತೆಯಿಂದ ಎಳೆದುಕೊಳ್ಳಲು ಆಗುವುದಿಲ್ಲ. ಅದಕ್ಕೇ ಪಿನ್ ಒತ್ತುವ ಮೊದಲು ಬರುವ ಹೆಸರನ್ನು ಓದಬೇಕು. 2025ರ ಜೂನ್ 30ರಿಂದ ಆ್ಯಪ್‌ಗಳು ನಿಮ್ಮ ಫೋನಿನಲ್ಲಿ ಸೇವ್ ಆದ ಹೆಸರನ್ನೋ, ಆ ಮನುಷ್ಯ ತಾನೇ ಇಟ್ಟುಕೊಂಡ ಹೆಸರನ್ನೋ ತೋರಿಸುವಂತಿಲ್ಲ, ಬ್ಯಾಂಕಿನಲ್ಲಿ ದಾಖಲಾದ ಹೆಸರನ್ನೇ ತೋರಿಸಬೇಕು. ಬೋರ್ಡಿನಲ್ಲಿ ಒಂದು ಹೆಸರು, ಫೋನಿನಲ್ಲಿ ಇನ್ನೊಂದು ಬಂದರೆ ಸಂಕೋಚ ಬೇಡ, ‘ಇದು ಯಾರ ಹೆಸರು?’ ಅಂತ ಕೇಳಿ. ಬಹಳ ಸಲ ಮಾಲೀಕರ ಹೆಂಡತಿಯದ್ದೋ ಅಣ್ಣನದ್ದೋ ಇರುತ್ತದೆ. ಯಾರದ್ದೂ ಅಲ್ಲ ಅಂದರೆ ಸ್ಟಿಕರ್ ಮೇಲೆ ಇನ್ನೊಂದು ಸ್ಟಿಕರ್ ಅಂಟಿದೆ ಅಂತ ಅರ್ಥ. ಆಗ ಅಂಗಡಿಯವರೂ ನಿಮಗೆ ಥ್ಯಾಂಕ್ಸ್ ಹೇಳುತ್ತಾರೆ.

ಯುಪಿಐ ಲೈಟ್ ಬೇಕಾ ಅಂತ ಕೇಳಿದರೆ, ಬೇಕು. ಖಾತೆಯಿಂದ 5,000ದವರೆಗೆ ತೆಗೆದು ಫೋನಿನಲ್ಲೇ ಇಟ್ಟುಕೊಂಡು, 1,000ದೊಳಗಿನ ಪಾವತಿಯನ್ನು ಪಿನ್ ಇಲ್ಲದೆ ಮಾಡುವ ವ್ಯವಸ್ಥೆ ಇದು. ಬ್ಯಾಂಕಿನ ಸರ್ವರ್ ಕೈಕೊಟ್ಟ ಹೊತ್ತಿನಲ್ಲೂ ಇದು ಸಾಮಾನ್ಯವಾಗಿ ನಡೆಯುತ್ತದೆ. ಪಾಸ್‌ಬುಕ್ಕಿನಲ್ಲಿ ದಿನದ ಇಪ್ಪತ್ತು ಸಾಲು ತುಂಬುವ ಬದಲು ಲೈಟ್‌ಗೆ ತುಂಬಿಸಿದ ಒಂದು ಸಾಲು ಮಾತ್ರ ಇರುತ್ತದೆ. ಫೋನ್ ಕಳೆದು, ಅದಕ್ಕೆ ಲಾಕ್ ಕೂಡ ಇಲ್ಲದಿದ್ದರೆ ಸಿಕ್ಕವನು ಆ ಬಾಕಿಯಷ್ಟನ್ನು ಖರ್ಚು ಮಾಡಬಹುದು. ಅದಕ್ಕೆ ನಾನು ಹೇಳುವುದು, ತುಂಬಿಸಿ, ಆದರೆ ಪೂರ್ತಿ 5,000 ಬೇಡ.

ರೂಪೇ ಕ್ರೆಡಿಟ್ ಕಾರ್ಡನ್ನೂ ಯುಪಿಐಗೆ ಜೋಡಿಸಬಹುದು. ಅದು ಅಂಗಡಿಗಳಿಗೆ ಮಾತ್ರ, ಸ್ನೇಹಿತರಿಗೆ ಕಳಿಸಲು ಆಗುವುದಿಲ್ಲ. ಸ್ಕ್ಯಾನ್ ಮಾಡುವಾಗ ಸಾಲ ಮಾಡುತ್ತಿದ್ದೇವೆ ಅನ್ನಿಸುವುದೇ ಇಲ್ಲ. ಅದೇ ಇದರ ತೊಂದರೆ.

ಲಕ್ಷ ದಾಟಿದಾಗ

ಸೈಟಿಗೆ ಮುಂಗಡ 3 ಲಕ್ಷ ಕೊಡಬೇಕು ಅಂದುಕೊಳ್ಳಿ. ಯುಪಿಐಯಲ್ಲಿ ಮೂರು ದಿನ ಒಂದೊಂದು ಲಕ್ಷ ಕಳಿಸುವವರಿದ್ದಾರೆ. ಆಗುತ್ತದೆ, ಆದರೆ ಕರಾರಿನಲ್ಲಿ ಬರೆಯುವಾಗ ಮೂರು ನಂಬರ್, ಮೂರು ತಾರೀಕು. ಒಂದೇ ಸಲ ಕಳಿಸಲು ಮೂರು ದಾರಿ ಇವೆ.

ಐಎಂಪಿಎಸ್ 2010ರಿಂದ ಇದೆ, 5 ಲಕ್ಷದವರೆಗೆ, ಯಾವ ಹೊತ್ತಿನಲ್ಲಾದರೂ ತಕ್ಷಣ ಹೋಗುತ್ತದೆ. ಕೆಲವು ಬ್ಯಾಂಕುಗಳು ಸ್ವಲ್ಪ ಶುಲ್ಕ ಹಾಕುತ್ತವೆ. ನೆಫ್ಟ್ 2005ರದ್ದು. ಅದು ಅರ್ಧ ಗಂಟೆಗೊಂದು ಕಂತಿನಲ್ಲಿ, ದಿನಕ್ಕೆ 48 ಕಂತಿನಲ್ಲಿ ಸಾಗುತ್ತದೆ. 2019ರ ಡಿಸೆಂಬರ್‌ನಿಂದ ಭಾನುವಾರ, ಹಬ್ಬ, ಮಧ್ಯರಾತ್ರಿ ಅಂತ ಇಲ್ಲದೆ ನಡೆಯುತ್ತದೆ. ಉಳಿತಾಯ ಖಾತೆಯವರು ಆನ್‌ಲೈನಿನಲ್ಲಿ ಮಾಡಿದರೆ ಶುಲ್ಕ ಇಲ್ಲ. ಶಾಖೆಗೆ ಹೋಗಿ ಫಾರಂ ತುಂಬಿದರೆ ಮೊತ್ತ ನೋಡಿಕೊಂಡು 25 ರೂಪಾಯಿವರೆಗೆ, ಅದರ ಮೇಲೆ ಜಿಎಸ್‌ಟಿ. ಆರ್‌ಟಿಜಿಎಸ್ ಶುರುವಾಗುವುದೇ 2 ಲಕ್ಷದಿಂದ. ಒಂದೊಂದೇ ವಹಿವಾಟು ಆ ಕ್ಷಣಕ್ಕೆ ಇತ್ಯರ್ಥವಾಗುತ್ತದೆ. ಎದುರಿನ ಬ್ಯಾಂಕ್ 30 ನಿಮಿಷದಲ್ಲಿ ಜಮಾ ಮಾಡಬೇಕು. 2020ರ ಡಿಸೆಂಬರ್‌ನಿಂದ ಇದೂ ದಿನದ 24 ಗಂಟೆ.

ನನ್ನ ಆಯ್ಕೆ ಹೀಗಿದೆ. 2 ಲಕ್ಷ ದಾಟಿದ್ದರೆ, ಎದುರಿನವರು ಕಾಯುತ್ತಾ ಕುಳಿತಿದ್ದರೆ ಆರ್‌ಟಿಜಿಎಸ್. ಅವಸರ ಇಲ್ಲದ್ದಕ್ಕೆಲ್ಲ ನೆಫ್ಟ್. ಐಎಂಪಿಎಸ್ ನಾನು ಆರಿಸುವುದು ಕಡಿಮೆ, ಯುಪಿಐ ಮಿತಿ ಮುಗಿದು, ಮೊತ್ತ 2 ಲಕ್ಷಕ್ಕಿಂತ ಕಡಿಮೆ ಇದ್ದು, ಈಗಲೇ ಹೋಗಬೇಕು ಅಂದಾಗ ಮಾತ್ರ.

ನೆಫ್ಟ್, ಆರ್‌ಟಿಜಿಎಸ್ ಕಡೆ ಒಲವಿಗೆ ಇನ್ನೊಂದು ಕಾರಣ ಇದೆ. ಬ್ಯಾಂಕುಗಳು ದುಡ್ಡು ಜಮಾ ಮಾಡುವುದು ಖಾತೆ ನಂಬರ್ ನೋಡಿ. ನೀವು ಪಕ್ಕದಲ್ಲಿ ಬರೆದ ಹೆಸರು ಅದಕ್ಕೆ ಲೆಕ್ಕಕ್ಕಿಲ್ಲ. 14 ಅಂಕಿಯಲ್ಲಿ ಒಂದು ತಪ್ಪಿ, ಆ ನಂಬರಿನ ಖಾತೆ ನಿಜವಾಗಿಯೂ ಇದ್ದರೆ ದುಡ್ಡು ಅಲ್ಲಿಗೇ. ಬಹಳ ವರ್ಷ ಇದಕ್ಕೆ ಪರಿಹಾರ ಇರಲಿಲ್ಲ. 2025ರ ಏಪ್ರಿಲ್ 1ರೊಳಗೆ ಈ ಎರಡು ದಾರಿಗಳಲ್ಲೂ ಹೆಸರು ತೋರಿಸುವ ಸೌಲಭ್ಯ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿತು. ಈಗ ಖಾತೆ ನಂಬರ್, ಬ್ಯಾಂಕ್ ಶಾಖೆಯ ಗುರುತಾದ ಐಎಫ್‌ಎಸ್‌ಸಿ ಕೋಡ್ ಹಾಕಿದರೆ ಆ ಖಾತೆ ಯಾರದ್ದು ಅಂತ ಬರುತ್ತದೆ. ಇದಕ್ಕೆ ಶುಲ್ಕ ಇಲ್ಲ. ಆ ಬಟನ್ ಒತ್ತದೆ ಮುಂದೆ ಹೋಗಬೇಡಿ.

ಬೆನಿಫಿಷಿಯರಿ, ಅಂದರೆ ದುಡ್ಡು ಪಡೆಯುವವರ ಖಾತೆಯನ್ನು ನಿಮ್ಮ ಬ್ಯಾಂಕಿನ ಪಟ್ಟಿಗೆ ಸೇರಿಸುವ ಕೆಲಸ ಹಿಂದಿನ ದಿನವೇ ಮುಗಿಸಿ. ಹೊಸದಾಗಿ ಸೇರಿಸಿದ ಹೆಸರಿಗೆ ಮೊದಲ ಕೆಲವು ಗಂಟೆ, ಕೆಲವು ಬ್ಯಾಂಕಿನಲ್ಲಿ ಒಂದು ದಿನ, ದೊಡ್ಡ ಮೊತ್ತ ಬಿಡುವುದಿಲ್ಲ. ಸಬ್‌ ರಿಜಿಸ್ಟ್ರಾರ್ ಕಚೇರಿಯ ಬೆಂಚಿನ ಮೇಲೆ ಕೂತು ಇದನ್ನು ಕಂಡುಹಿಡಿಯುವ ಗತಿ ಯಾರಿಗೂ ಬೇಡ. ಸೇರಿಸಿದ ಮೇಲೆ 1 ರೂಪಾಯಿ ಕಳಿಸಿ, ಬಂತಾ ಅಂತ ಫೋನ್ ಮಾಡಿ ಕೇಳಿ. ವಾಟ್ಸಾಪ್‌ನಲ್ಲಿ ‘ಖಾತೆ ನಂಬರ್ ಬದಲಾಗಿದೆ’ ಅಂತ ಬಂದ ಮೆಸೇಜನ್ನು ನಂಬಿ ಮಾತ್ರ ಕಳಿಸಲೇಬೇಡಿ. ದನಿ ಕೇಳಿ ಖಚಿತ ಮಾಡಿಕೊಳ್ಳಿ.

ಚೆಕ್ಕಿಗೂ ಹೊಸ ಕಳೆ ಬಂದಿದೆ. 2025ರ ಅಕ್ಟೋಬರ್ 4ರಿಂದ ಚೆಕ್ ಕ್ಲಿಯರಿಂಗ್ ದಿನವಿಡೀ ನಡೆಯುತ್ತದೆ, ಎರಡು ದಿನ ಕಾಯುವ ಕಾಲ ಹೋಯಿತು. ತಾರೀಕು ಮುಂದಿಟ್ಟು ಕೊಡಬೇಕಾದ ಕಡೆ ಅದಕ್ಕೆ ಬೆಲೆ ಇದ್ದೇ ಇದೆ.

ದುಡ್ಡು ವ್ಯಾಲೆಟ್‌ನಲ್ಲಾ, ಬ್ಯಾಂಕಿನಲ್ಲಾ?

ಇಲ್ಲಿ ಬಹಳ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಲೈಟ್‌ಗೆ ತುಂಬಿಸಿದ್ದನ್ನು ಬಿಟ್ಟರೆ ಯುಪಿಐ ಆ್ಯಪ್‌ನಲ್ಲಿ ದುಡ್ಡು ಇರುವುದಿಲ್ಲ, ಬ್ಯಾಂಕಿನಲ್ಲಿರುತ್ತದೆ. ವ್ಯಾಲೆಟ್‌ನಲ್ಲಿ ಮಾತ್ರ ಮೊದಲೇ ತುಂಬಿಸಿ ಇಟ್ಟ ದುಡ್ಡು ಕಂಪನಿಯ ಲೆಕ್ಕದಲ್ಲಿ ಕೂತಿರುತ್ತದೆ. ಅದಕ್ಕೆ ಬಡ್ಡಿ ಇಲ್ಲ. ಬ್ಯಾಂಕ್ ಮುಳುಗಿದರೆ 5 ಲಕ್ಷದವರೆಗೆ ಸಿಗುವ ಠೇವಣಿ ವಿಮೆ ಅದಕ್ಕೆ ಇಲ್ಲ. ಪೂರ್ತಿ ಕೆವೈಸಿ (ಗುರುತಿನ ದಾಖಲೆಗಳ ಪರಿಶೀಲನೆ) ಆದ ವ್ಯಾಲೆಟ್‌ನಲ್ಲಿ 2 ಲಕ್ಷದವರೆಗೂ ಇಡಬಹುದು, ಆದರೆ ಯಾಕೆ ಇಡಬೇಕು?

ಆಫ್ರಿಕಾದಲ್ಲಿ ಕಥೆಯೇ ಬೇರೆ. 2007ರಲ್ಲಿ ಕೀನ್ಯಾದಲ್ಲಿ ಶುರುವಾದ ಎಂ-ಪೆಸಾದಲ್ಲಿ ಫೋನ್ ಕಂಪನಿಯೇ ದುಡ್ಡಿನ ಲೆಕ್ಕ ಇಡುತ್ತದೆ. ಬ್ಯಾಂಕ್ ಖಾತೆಯೇ ಇಲ್ಲದವರು ಬೀದಿಬದಿಯ ಏಜೆಂಟನಿಗೆ ನೋಟು ಕೊಟ್ಟು ಊರಿಗೆ ಕಳಿಸುತ್ತಾರೆ. ನಮ್ಮಲ್ಲಿ ಬ್ಯಾಂಕ್ ಖಾತೆಯನ್ನೇ ಬುಡವಾಗಿ ಇಟ್ಟುಕೊಂಡರು. ಅದರಿಂದ ಲಾಭ ಏನೆಂದರೆ, ಒಂದು ಆ್ಯಪ್ ಮುಚ್ಚಿದರೆ ಇನ್ನೊಂದು ಹಾಕಿಕೊಂಡರಾಯಿತು, ದುಡ್ಡು ಅಲ್ಲೇ ಇರುತ್ತದೆ.

2024ರಲ್ಲಿ ಇದು ಪರೀಕ್ಷೆಗೂ ಬಂತು. ಪೇಟಿಎಂ ಪೇಮೆಂಟ್ಸ್ ಬ್ಯಾಂಕ್ ಮಾರ್ಚ್ 15ರ ನಂತರ ಹೊಸದಾಗಿ ಠೇವಣಿ, ವ್ಯಾಲೆಟ್ ತುಂಬಿಸುವುದು ಏನನ್ನೂ ತೆಗೆದುಕೊಳ್ಳಬಾರದು ಅಂತ ರಿಸರ್ವ್ ಬ್ಯಾಂಕ್ ಆದೇಶ ಮಾಡಿತು. ವ್ಯಾಲೆಟ್‌ನಲ್ಲಿ ದುಡ್ಡಿದ್ದವರು ಅದನ್ನು ಖರ್ಚು ಮಾಡಲು, ವಾಪಸ್ ತೆಗೆಯಲು ಅಡ್ಡಿ ಇರಲಿಲ್ಲ, ಆದರೆ ಓಡಾಟ ತಪ್ಪಲಿಲ್ಲ. ಅದೇ ಆ್ಯಪ್‌ನಲ್ಲಿ ಬೇರೆ ಬ್ಯಾಂಕಿನ ಖಾತೆ ಜೋಡಿಸಿ ಯುಪಿಐ ಮಾಡುತ್ತಿದ್ದವರಿಗೆ ಹೆಚ್ಚು ವ್ಯತ್ಯಾಸವೇ ಗೊತ್ತಾಗಲಿಲ್ಲ.

ಹಾಗಾದರೆ ವ್ಯಾಲೆಟ್ ಯಾರಿಗೆ? ಬೇರೆ ಊರಿನಲ್ಲಿ ಓದುವ ಮಕ್ಕಳಿಗೆ ತಿಂಗಳ ಖರ್ಚು ಇಷ್ಟೇ ಅಂತ ಕಟ್ಟಿ ಕೊಡಲು, ಮೆಟ್ರೋ ಕಾರ್ಡಿನಂಥ ಒಂದೇ ಕೆಲಸಕ್ಕೆ. ಉಳಿದವರಿಗೆ ಬೇಕಿಲ್ಲ.

ಕೀಪ್ಯಾಡ್ ಫೋನಿನವರು, ವಯಸ್ಸಾದವರು

ಸ್ಮಾರ್ಟ್‌ಫೋನ್ ಇಲ್ಲ ಅಂದರೆ ಯುಪಿಐ ಇಲ್ಲ ಅಂತ ಅಂದುಕೊಂಡಿರುವವರೇ ಜಾಸ್ತಿ. ಅದು ಸರಿಯಲ್ಲ. *99# ಒತ್ತಿದರೆ ಇಂಟರ್ನೆಟ್ ಇಲ್ಲದೆಯೂ ಬಾಕಿ ನೋಡಬಹುದು, 5,000ದವರೆಗೆ ಕಳಿಸಬಹುದು. ಕನ್ನಡದಲ್ಲೂ ಇದೆ. ಆದರೆ ಆ ಮೆನು ನಡುವೆ ಕಡಿದು ಹೋಗುತ್ತದೆ, ಮತ್ತೆ ಮೊದಲಿನಿಂದ ಒತ್ತಬೇಕು. ತಾಳ್ಮೆ ಇದ್ದವರಿಗೆ ಸರಿ. 2022ರ ಮಾರ್ಚ್‌ನಲ್ಲಿ ಬಂದ ಯುಪಿಐ 123ಪೇ ಇದಕ್ಕಿಂತ ಮೇಲು. ಒಂದು ನಂಬರಿಗೆ ಫೋನ್ ಮಾಡಿ, ಅದು ಹೇಳಿದಂತೆ ಒತ್ತುತ್ತಾ ಹೋಗುವುದು. ಮಿತಿ 10,000.

ಇದಕ್ಕೂ ಆಗದವರಿಗೆ ಆಧಾರ್ ಬೆರಳಚ್ಚು. ಬ್ಯಾಂಕಿನ ಪರವಾಗಿ ಊರಿನಲ್ಲೇ ಕೆಲಸ ಮಾಡುವ ಬ್ಯಾಂಕ್ ಮಿತ್ರರ ಹತ್ತಿರವೋ, ಮನೆಗೇ ಬರುವ ಅಂಚೆಯಣ್ಣನ ಹತ್ತಿರವೋ ಬೆರಳು ಇಟ್ಟರೆ 10,000ದವರೆಗೆ ನಗದು ಸಿಗುತ್ತದೆ. 2018ರಲ್ಲಿ ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ ಬಂದ ಮೇಲೆ ಹಳ್ಳಿಗಳಲ್ಲಿ ಪಿಂಚಣಿಯವರಿಗೆ ಇದು ನಿಜವಾಗಿ ಅನುಕೂಲವಾಗಿದೆ, ಬೇರೆ ಬ್ಯಾಂಕಿನ ಖಾತೆಯಿಂದಲೂ ತೆಗೆಯಬಹುದು. ತೊಂದರೆ ಎರಡು. ಹೊಲಗದ್ದೆ ಕೆಲಸ ಮಾಡಿ ಸವೆದ ಬೆರಳಿನ ಗುರುತು ಯಂತ್ರಕ್ಕೆ ಹತ್ತುವುದಿಲ್ಲ. ಇನ್ನೊಂದು, ‘ಸರಿಯಾಗಿ ಬರಲಿಲ್ಲ ಅಜ್ಜಿ, ಇನ್ನೊಂದ್ಸಲ ಇಡಿ’ ಅಂತ ಎರಡನೇ ಸಲ ಬೆರಳು ಇಡಿಸಿಕೊಂಡು ಎರಡು ಸಲ ತೆಗೆಯುವ ಮೋಸ. ಪ್ರತಿ ಸಲವೂ ರಸೀದಿ ಕೇಳಬೇಕು. ಇದನ್ನು ಬಳಸದವರು ಎಂಆಧಾರ್ ಆ್ಯಪ್‌ನಲ್ಲಿ ಬಯೊಮೆಟ್ರಿಕ್ ಲಾಕ್ ಮಾಡಿಟ್ಟರೆ ನಿಶ್ಚಿಂತೆ.

ಅಪ್ಪ ಅಮ್ಮನಿಗೆ ಸ್ಮಾರ್ಟ್‌ಫೋನ್ ಇದೆ, ಆದರೆ ಪಿನ್ ಅಂದರೆ ಭಯ, ಅಂಥ ಮನೆಗಳಿಗೆ ಯುಪಿಐ ಸರ್ಕಲ್ ನೋಡಿ. ನಿಮ್ಮ ಖಾತೆಯಿಂದ ಅವರು ತಮ್ಮ ಫೋನಿನಲ್ಲಿ ಸ್ಕ್ಯಾನ್ ಮಾಡಿ ಕೊಡಬಹುದು. ಪೂರ್ತಿ ಒಪ್ಪಿಗೆ ಕೊಟ್ಟರೆ ಒಂದು ಸಲಕ್ಕೆ 5,000, ತಿಂಗಳಿಗೆ 15,000 ಮಿತಿ. ಇಲ್ಲವಾದರೆ ಪ್ರತಿ ಸಲವೂ ನಿಮ್ಮ ಫೋನಿಗೆ ಕೇಳಿಕೊಂಡು ಬರುವಂತೆ ಇಡಬಹುದು. ಅಪ್ಪನ ಪಿನ್ ಮಗನಿಗೆ, ಮಗನದ್ದು ಸೊಸೆಗೆ, ಕೊನೆಗೆ ಅಡುಗೆಮನೆ ಕ್ಯಾಲೆಂಡರ್ ಮೇಲೆ ಬರೆದಿಡುವುದಕ್ಕಿಂತ ಇದು ಎಷ್ಟೋ ವಾಸಿ ಅಲ್ವಾ?

ಇನ್ನೊಂದು ಮಾತು, ಖಾತೆಗೆ ಜೋಡಿಸಿದ ಸಿಮ್ ಬಗ್ಗೆ. ರೀಚಾರ್ಜ್ ಮಾಡದೆ ಬಿಟ್ಟ ನಂಬರನ್ನು ಕಂಪನಿ ಕೆಲವು ತಿಂಗಳ ಮೇಲೆ ಬೇರೆಯವರಿಗೆ ಕೊಡುತ್ತದೆ. ಹಳೆ ಸಿಮ್ ಬಿಡುವ ಮೊದಲು ಬ್ಯಾಂಕಿಗೆ ಹೋಗಿ ಹೊಸ ನಂಬರ್ ಹಾಕಿಸಿ. ಈ ಕ್ರಮ ತಿರುಗುಮುರುಗಾದರೆ ಒಟಿಪಿ ಯಾರದ್ದೋ ಮನೆಗೆ ಹೋಗುತ್ತದೆ.

ನಗದಿಗೆ ಇನ್ನೂ ಜಾಗ ಇದೆ

ನೋಟು ಇಲ್ಲದ ಕಾಲ ಬಂತು ಅಂತ ಬರೆಯುವವರು ಒಂದು ಲೆಕ್ಕ ನೋಡಬೇಕು. 2016ರಲ್ಲಿ ನೋಟು ರದ್ದಾಗುವ ಮುಂಚೆ ದೇಶದಲ್ಲಿ ಚಲಾವಣೆಯಲ್ಲಿದ್ದ ನಗದು ಸುಮಾರು 18 ಲಕ್ಷ ಕೋಟಿ ರೂಪಾಯಿ. 2024ರ ಮಾರ್ಚ್ ಹೊತ್ತಿಗೆ ಸುಮಾರು 35 ಲಕ್ಷ ಕೋಟಿ. ಯುಪಿಐ ಬೆಳೆಯಿತು, ನಗದೂ ಬೆಳೆಯಿತು. ಸಣ್ಣಪುಟ್ಟ ಕೊಡುಕೊಳ್ಳುವಿಕೆ ಫೋನಿಗೆ ಬಂತು. ಕಷ್ಟಕಾಲಕ್ಕೆ ಅಂತ ಇಟ್ಟುಕೊಳ್ಳುವ ದುಡ್ಡು ಬೀರುವಿನಲ್ಲೇ ಉಳಿಯಿತು.

ಅದು ತಪ್ಪೂ ಅಲ್ಲ. ಕರೆಂಟ್ ಹೋಗಿ ಟವರ್ ಬಿದ್ದ ದಿನ, ಬ್ಯಾಂಕಿನ ಸರ್ವರ್ ನಿಂತ ಹೊತ್ತು, ಖಾತೆಯನ್ನು ಯಾವುದೋ ತನಿಖೆಗೆ ತಡೆಹಿಡಿದಾಗ ಕೈಯಲ್ಲಿ ನೋಟು ಇಲ್ಲದಿದ್ದರೆ ಒಂದು ಆಟೋ ಹತ್ತಲೂ ಆಗುವುದಿಲ್ಲ. ಮೂರು ನಾಲ್ಕು ದಿನದ ಮನೆಖರ್ಚಿನಷ್ಟು ಇರಲಿ, ಅದರಲ್ಲಿ ನೂರರ ನೋಟುಗಳೂ ಇರಲಿ.

ದೊಡ್ಡ ಮೊತ್ತಕ್ಕೆ ನಗದು ಬೇಡ ಅನ್ನಲು ಕಾನೂನಿನ ಕಾರಣವೇ ಇದೆ. ಒಬ್ಬರಿಂದ ಒಂದು ದಿನ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ತೆಗೆದುಕೊಂಡರೆ ತೆಗೆದುಕೊಂಡವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಕೈಸಾಲ ಕೂಡ 20,000 ಮುಟ್ಟಿದರೆ ನಗದಿನಲ್ಲಿ ಪಡೆಯುವಂತಿಲ್ಲ, ತೀರಿಸುವಂತಿಲ್ಲ. ಮದುವೆ ಹಾಲ್, ಒಡವೆ, ಸೈಟು ಅಂತ ಓಡಾಡುವಾಗ ‘ಕ್ಯಾಶ್ ಆದ್ರೆ ಸ್ವಲ್ಪ ಕಡಿಮೆ ಮಾಡ್ಕೊಡ್ತೀನಿ’ ಅನ್ನುವವರು ಈ ಮಾತು ಹೇಳುವುದಿಲ್ಲ.

ಎಟಿಎಂ ಕೂಡ ಪುಕ್ಕಟೆ ಅಲ್ಲ. ನಿಮ್ಮದೇ ಬ್ಯಾಂಕಿನಲ್ಲಿ ತಿಂಗಳಿಗೆ 5 ಸಲ ಉಚಿತ. ಬೇರೆ ಬ್ಯಾಂಕಿನಲ್ಲಿ ಮಹಾನಗರಗಳಲ್ಲಿ 3 ಸಲ, ಬೇರೆಡೆ 5. ಆಮೇಲೆ ಪ್ರತಿ ಸಲ 23 ರೂಪಾಯಿವರೆಗೆ ಹಾಕಬಹುದು, 2025ರ ಮೇ 1ರಿಂದ. ಯಂತ್ರದಿಂದ ನೋಟು ಬಾರದೆ ಖಾತೆಯಲ್ಲಿ ಮಾತ್ರ ಕಳೆದರೆ ಇಲ್ಲೂ 5 ದಿನ, ಆಮೇಲೆ ದಿನಕ್ಕೆ 100.

ಮೋಸ ಹೋದರೆ ಯಾವುದರಲ್ಲಿ ವಾಪಸ್ ಸಿಗುತ್ತದೆ?

ಕಹಿ ಮಾತು ಇದು. ಪಿನ್ ಒತ್ತಿ ನೀವೇ ಕಳಿಸಿದ ದುಡ್ಡು ವಾಪಸ್ ಬರುವುದು ಬಹಳ ಕಷ್ಟ, ಯಾವ ದಾರಿಯಲ್ಲಾದರೂ. ರಿಸರ್ವ್ ಬ್ಯಾಂಕಿನ 2017ರ ನಿಯಮದಲ್ಲಿ, ನಿಮ್ಮದೂ ಬ್ಯಾಂಕಿನದೂ ತಪ್ಪಿಲ್ಲದೆ ಮೂರನೆಯವರು ದುಡ್ಡು ಹೊಡೆದಿದ್ದರೆ, 3 ಕೆಲಸದ ದಿನದೊಳಗೆ ತಿಳಿಸಿದವರಿಗೆ ಪೂರ್ತಿ ವಾಪಸ್ ಕೊಡಬೇಕು. 4ರಿಂದ 7 ದಿನ ಆದರೆ ಸ್ವಲ್ಪ ನಷ್ಟ ನಿಮ್ಮ ತಲೆಗೆ. ಆದರೆ ಪಿನ್, ಒಟಿಪಿ ನೀವೇ ಹೇಳಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಪೂರ್ತಿ ನಿಮ್ಮದೇ. ತಿಳಿಸಿದ ಮೇಲೆ ಹೋದದ್ದಕ್ಕೆ ಬ್ಯಾಂಕ್ ಹೊಣೆ. ಅದಕ್ಕೇ ನಾಚಿಕೆ ಪಟ್ಟುಕೊಂಡು ಸಂಜೆವರೆಗೆ ಕಾಯುವುದು ದುಬಾರಿ. ತಕ್ಷಣ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಜೊತೆಗೆ ಬ್ಯಾಂಕಿಗೂ. ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುತ್ತಾ ಹೋಗುತ್ತದೆ, ಹಾರುವ ಮುಂಚೆ ತಡೆದರೆ ಉಂಟು. ಬ್ಯಾಂಕ್ 30 ದಿನದಲ್ಲಿ ಉತ್ತರ ಕೊಡದಿದ್ದರೆ, ಕೊಟ್ಟ ಉತ್ತರ ಸಮಾಧಾನ ತರದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಅದಕ್ಕೆ ಶುಲ್ಕ ಇಲ್ಲ.

ದುಡ್ಡು ಬರಬೇಕಾದರೆ ಪಿನ್ ಬೇಕಿಲ್ಲ, ಸ್ಕ್ಯಾನ್ ಮಾಡಬೇಕಿಲ್ಲ. ಇದು ಎಲ್ಲರಿಗೂ ಗೊತ್ತು, ಆದರೂ ಹಳೇ ಸೋಫಾ ಮಾರುವ ಗಡಿಬಿಡಿಯಲ್ಲಿ ಮರೆಯುತ್ತದೆ. ಒಬ್ಬರು ಇನ್ನೊಬ್ಬರಿಗೆ ‘ದುಡ್ಡು ಕೊಡಿ’ ಅಂತ ರಿಕ್ವೆಸ್ಟ್ ಕಳಿಸುವ ಸೌಲಭ್ಯವನ್ನೇ 2025ರ ಅಕ್ಟೋಬರ್ 1ರಿಂದ ನಿಲ್ಲಿಸಿದರು, ಅಷ್ಟು ಮೋಸ ಅದರಲ್ಲಿ ನಡೆಯುತ್ತಿತ್ತು. ‘ತಪ್ಪಿ ನಿಮ್ಮ ನಂಬರಿಗೆ ಹಾಕಿಬಿಟ್ಟೆ, ವಾಪಸ್ ಕಳಿಸಿ’ ಅನ್ನುವ ಫೋನ್ ಬಂದರೆ ಮೆಸೇಜ್ ನಂಬಬೇಡಿ, ಖಾತೆಯ ಬಾಕಿ ನೋಡಿ. ನಿಜವಾಗಿ ಬಂದಿದ್ದರೂ ನೀವಾಗಿ ತಿರುಗಿ ಕಳಿಸಬೇಡಿ, ನಿಮ್ಮ ಬ್ಯಾಂಕಿಗೆ ಹೇಳಿ.

ಗುರುತಿಲ್ಲದ ಜಾಲತಾಣದಲ್ಲಿ ಏನಾದರೂ ಕೊಳ್ಳುವಾಗ ಯುಪಿಐಗಿಂತ ಕ್ರೆಡಿಟ್ ಕಾರ್ಡ್ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಸಾಮಾನು ಬರಲಿಲ್ಲ ಅಂದರೆ ಬ್ಯಾಂಕಿನ ಮೂಲಕ ಚಾರ್ಜ್‌ಬ್ಯಾಕ್, ಅಂದರೆ ಕೊಟ್ಟ ದುಡ್ಡನ್ನು ವಾಪಸ್ ಕೇಳುವ ಪದ್ಧತಿ ಅದರಲ್ಲಿ ಹಳೆಯದು. ಜಗಳ ಮುಗಿಯುವವರೆಗೆ ಸಿಕ್ಕಿಕೊಂಡಿರುವುದು ಬ್ಯಾಂಕಿನ ದುಡ್ಡು, ನಿಮ್ಮ ಸಂಬಳ ಅಲ್ಲ.

ಎಲ್ಲಕ್ಕಿಂತ ಉಪಯೋಗದ ಏರ್ಪಾಡು ಇನ್ನೊಂದು ಖಾತೆ. ಸಂಬಳ, ಉಳಿತಾಯ, ಎಫ್‌ಡಿ ಇರುವ ಖಾತೆಯನ್ನು ಯುಪಿಐಗೆ ಜೋಡಿಸಲೇಬೇಡಿ. ಬೇರೆ ಬ್ಯಾಂಕಿನಲ್ಲಿ ಕನಿಷ್ಠ ಬಾಕಿ ಕೇಳದ ಒಂದು ಉಳಿತಾಯ ಖಾತೆ ತೆಗೆದು, ತಿಂಗಳ ಶುರುವಿಗೆ 10,000ವೋ 15,000ವೋ ಅಲ್ಲಿಗೆ ನೆಫ್ಟ್ ಮಾಡಿ, ಸ್ಕ್ಯಾನ್ ಎಲ್ಲ ಅದರಿಂದಲೇ ಆಗಲಿ. ಏನೇ ಕೆಟ್ಟರೂ ಹೋಗುವುದು ಆ ತಿಂಗಳ ಖರ್ಚು ಮಾತ್ರ. ಎಷ್ಟು ಖರ್ಚಾಯಿತು ಅನ್ನುವ ಲೆಕ್ಕವೂ ಸುಮ್ನೆ ಸಿಗುತ್ತದೆ.

ಅಂಗಡಿಯವರ ಲೆಕ್ಕ ಬೇರೆ

ಕೊಡುವವರಿಗಿಂತ ತೆಗೆದುಕೊಳ್ಳುವವರಿಗೆ ಈ ಆಯ್ಕೆ ಕಷ್ಟದ್ದು. ಬ್ಯಾಂಕ್ ಖಾತೆಯಿಂದ ಬರುವ ಯುಪಿಐಗೆ 2020ರ ಜನವರಿಯಿಂದ ಅಂಗಡಿಯವರಿಂದ ಶುಲ್ಕ ತೆಗೆದುಕೊಳ್ಳುವುದಿಲ್ಲ. ಸೌಂಡ್ ಬಾಕ್ಸಿಗೆ ಕೆಲವರು ತಿಂಗಳ ಬಾಡಿಗೆ ಕಟ್ಟುತ್ತಾರೆ. ಸಂತೆಯ ಗದ್ದಲದಲ್ಲಿ ನಕಲಿ ಸ್ಕ್ರೀನ್‌ಶಾಟ್ ತೋರಿಸಿ ಹೋಗುವವರಿಂದ ಅದು ಉಳಿಸುವ ದುಡ್ಡಿನ ಮುಂದೆ ಬಾಡಿಗೆ ಏನೂ ಅಲ್ಲ.

ಆದರೆ 2025ರ ಜುಲೈನಲ್ಲಿ ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮಾ ನೋಡಿ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕಳಿಸಿತು. ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್‌ಗಳ ಮುಂದೆ ‘ಯುಪಿಐ ಇಲ್ಲ, ಕ್ಯಾಶ್ ಮಾತ್ರ’ ಅನ್ನುವ ಚೀಟಿ ಅಂಟಿದವು. ಆಮೇಲೆ ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಜೊತೆ ಮಾತಾಡಿ, ಹಳೆ ಬಾಕಿ ವಸೂಲಿ ಮಾಡುವುದಿಲ್ಲ, ಆದರೆ ನೋಂದಣಿ ಮಾಡಿಕೊಳ್ಳಿ ಅಂದರು.

ಕ್ಯೂಆರ್ ಕಿತ್ತುಹಾಕಿದರೆ ಪಾರಾದೆವು ಅಂದುಕೊಳ್ಳುವುದು ಸರಿಯಲ್ಲ. ಸಾಮಾನು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ಅನ್ನುವ ಜಿಎಸ್‌ಟಿ ಮಿತಿ ಒಟ್ಟು ವ್ಯಾಪಾರದ ಮೇಲೆ. ನಗದೂ ಅದರಲ್ಲಿ ಸೇರುತ್ತದೆ. ಬರೀ ಹಾಲು, ತರಕಾರಿಯಂಥ ತೆರಿಗೆ ಇಲ್ಲದ ಸಾಮಾನು ಮಾರುವವರು ನೋಂದಣಿ ಮಾಡಿಸಬೇಕಿಲ್ಲ, ಆದರೆ ಮಾರಿದ್ದು ಅದನ್ನೇ ಅಂತ ತೋರಿಸಲು ಖರೀದಿ ಚೀಟಿಗಳು ಬೇಕು. ಮಿತಿ ದಾಟಿದ ಚಿಕ್ಕ ಅಂಗಡಿಗಳಿಗೆ 1.5 ಕೋಟಿವರೆಗೆ, ವ್ಯಾಪಾರದ ಮೇಲೆ ಒಂದೇ ಸಣ್ಣ ದರದಲ್ಲಿ ತೆರಿಗೆ ಕಟ್ಟುವ ಕಾಂಪೊಸಿಷನ್ ಪದ್ಧತಿ ಇದೆ, ವ್ಯಾಪಾರಿಗಳಿಗೆ ಶೇ. 1, ಹೋಟೆಲ್‌ಗಳಿಗೆ ಶೇ. 5.

ಅಂಗಡಿಯ ಕ್ಯೂಆರ್ ಒಂದು ಖಾತೆಗೆ, ಮನೆಯ ಯುಪಿಐ ಇನ್ನೊಂದಕ್ಕೆ ಇರಲಿ. ಒಂದೇ ಖಾತೆಯಾದರೆ ತಂಗಿ ವಾಪಸ್ ಕೊಟ್ಟ ಕೈಸಾಲ, ಚೀಟಿ ದುಡ್ಡು, ಮಗ ಕಳಿಸಿದ ಸಂಬಳ ಎಲ್ಲವೂ ವ್ಯಾಪಾರದಂತೆ ಕಾಣುತ್ತದೆ. ನೋಟಿಸ್ ಬಂದಾಗ ವರ್ಷದ ಸ್ಟೇಟ್‌ಮೆಂಟ್ ಇಟ್ಟುಕೊಂಡು ಒಂದೊಂದೇ ಸಾಲಿಗೆ ಗುರುತು ಹಾಕುತ್ತಾ ಕೂರಬೇಕಾಗುತ್ತದೆ. ಲೆಕ್ಕ ಬರೆಯುವವರು ಅದಕ್ಕೆ ಬೇರೆ ಶುಲ್ಕ ಕೇಳುತ್ತಾರೆ.